ಮಗುವಿನ ಮೊದಲ ತುತ್ತಿಗೆ ರುಚಿ ಎಲ್ಲಿಂದ ಬರಬೇಕು?

ಕೊಡಗಿನಲ್ಲಿ ಬಾಣಂತಿಯನ್ನು ನೋಡಲು ಬರುವವರ ಕೈಚೀಲದಲ್ಲಿ ಮಗುವಿನ ಬಟ್ಟೆ, ಸೋಪು, ಪೌಡರಿನ ಜೊತೆಗೆ ಒಂದು ಬಾಟಲಿ ಜೇನು ಇದ್ದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಭಾಗಮಂಡಲ, ವಿರಾಜಪೇಟೆ ಕಡೆಯ ಜೇನು ಹೊರಜಿಲ್ಲೆಗಳಲ್ಲೂ ಹೆಸರಾದದ್ದು. ತೋಟದ ಮರದ ಪೊಟರೆಯಲ್ಲಿ ಮುಜಂಟಿ ಗೂಡು ಸಿಕ್ಕರಂತೂ ಅದರ ಜೇನನ್ನು ಬೇರೆಯಾಗಿ ಎತ್ತಿಟ್ಟು, "ಇದು ಮದ್ದಿಗೆ, ಮಗುವಿಗೆ" ಎಂದು ಹಿರಿಯರು ಹೇಳುತ್ತಾರೆ. ಹುಟ್ಟಿದ ದಿನ ನಾಲಿಗೆಗೆ ಒಂದು ತೊಟ್ಟು, ಮಾತು ಬೇಗ ಬರಲೆಂದು ಬಜೆ ತೇದು ಅದರಲ್ಲಿ ಕಲಸಿ ಒಂದು ತೊಟ್ಟು, ಕೆಲವು ಮನೆಗಳಲ್ಲಿ ಚಿನ್ನ ತೇದು ಒಂದು ತೊಟ್ಟು. ಆರು ತಿಂಗಳು ತುಂಬಿ ರಾಗಿ ಮಣ್ಣಿ ಶುರುವಾದಾಗ, "ಸಪ್ಪೆ ಇದ್ದರೆ ಮಗು ಉಗುಳುತ್ತದೆ" ಎಂದು ಅದಕ್ಕೂ ಒಂದು ಚಮಚ.

ಈ ಲೇಖನದಲ್ಲಿ ಮನೆಯಲ್ಲೇ ಮಾಡುವ ಶಿಶು ಆಹಾರದ ಬಗ್ಗೆ, ಮುಖ್ಯವಾಗಿ ಅದಕ್ಕೆ ರುಚಿ ಕೊಡುವ ಬಗ್ಗೆ ಹೇಳಬೇಕಾಗಿದೆ. ಆದರೆ ಜೇನಿನ ಮಾತು ಮುಗಿಸದೆ ಒಲೆ ಹಚ್ಚುವಂತಿಲ್ಲ. ಹನ್ನೆರಡು ತಿಂಗಳು ತುಂಬುವ ತನಕ ಮಗುವಿನ ಬಾಯಿಗೆ ಜೇನು ಹೋಗಬಾರದು. ಒಂದು ತೊಟ್ಟೂ ಬೇಡ, ಮದ್ದಿನಲ್ಲಿ ಕಲಸಿಯೂ ಬೇಡ, ಬೇಯಿಸಿದ ಮಣ್ಣಿಯಲ್ಲಿಯೂ ಬೇಡ.

ಜೇನು ಯಾಕೆ ಬೇಡ?

ಮಣ್ಣಿನಲ್ಲಿ, ಧೂಳಿನಲ್ಲಿ ಇರುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ರೋಗಾಣುವಿನ ಬೀಜಕಣಗಳು ಜೇನಿನಲ್ಲೂ ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯುವುದಿಲ್ಲ, ಹಾಗೆಯೇ ಹೊರಗೆ ಹೋಗುತ್ತವೆ. ಒಂದು ವರ್ಷದ ಒಳಗಿನ ಮಗುವಿನ ಕರುಳು ಇನ್ನೂ ಬಲಿತಿರುವುದಿಲ್ಲ. ಅಲ್ಲಿ ಅವು ಮೊಳೆತು ವಿಷ ಬಿಡುತ್ತವೆ. ಆ ವಿಷ ನರಗಳಿಂದ ಸ್ನಾಯುಗಳಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಮೊದಲು ಮಲಬದ್ಧತೆ, ಆಮೇಲೆ ಹಾಲು ಚೀಪುವ ಶಕ್ತಿ ಕುಗ್ಗುವುದು, ಅಳುವ ದನಿ ಕ್ಷೀಣಿಸುವುದು, ಕಣ್ಣಿನ ರೆಪ್ಪೆ ಜೋಲುವುದು, ಕತ್ತು ನಿಲ್ಲದಿರುವುದು, ಕೊನೆಗೆ ಉಸಿರಾಟಕ್ಕೇ ತೊಂದರೆ. ವೈದ್ಯರು ಈ ಕಾಯಿಲೆಯನ್ನು ಗುರುತಿಸಿದ್ದು 1976ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಇದು ಅಪರೂಪದ ಕಾಯಿಲೆ, ನಿಜ. ಆದರೆ ಬಂದರೆ ಮಗು ವಾರಗಟ್ಟಲೆ ತೀವ್ರ ನಿಗಾ ಘಟಕದಲ್ಲಿ ಮಲಗಬೇಕಾಗುತ್ತದೆ. ಒಂದು ಚಮಚ ಸಿಹಿಗಾಗಿ ಇಂಥ ಅಪಾಯ ಯಾಕೆ?

"ನಮ್ಮದು ಅಂಗಡಿಯ ಕಲಬೆರಕೆ ಜೇನಲ್ಲ, ಕಣ್ಣೆದುರೇ ಹಿಂಡಿದ್ದು" ಎನ್ನುವವರಿದ್ದಾರೆ. ಇಲ್ಲಿ ಶುದ್ಧ, ಅಶುದ್ಧದ ಪ್ರಶ್ನೆಯೇ ಇಲ್ಲ. ತುಡುವೆಯದಾಗಲಿ, ಹೆಜ್ಜೇನಾಗಲಿ, ಮುಜಂಟಿಯದಾಗಲಿ, ಅಪ್ಪಟ ಜೇನಿನಲ್ಲೂ ಆ ಬೀಜಕಣಗಳು ಇರಬಹುದು. ಕುದಿಸಿದರೂ ಅವು ಸಾಯುವುದಿಲ್ಲ.

ಇನ್ನೊಂದು ಮಾತು ಮನಸ್ಸಿಗೆ ಹತ್ತಿರವಾದದ್ದು. ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದಲ್ಲಿ ಜೇನಿನಲ್ಲಿ ಜನರಿಗೆ ಶಮನವಿದೆ ಎಂದಿರುವಾಗ ಬೇಡ ಎನ್ನುವುದು ಹೇಗೆ? ಜೇನಿನಲ್ಲಿ ಶಮನವಿದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಎಲ್ಲ ಮದ್ದಿಗೂ ಒಂದು ಪ್ರಾಯವಿದೆ, ಒಂದು ಪ್ರಮಾಣವಿದೆ. ಹಲಾಲಾದ ಮಾಂಸವನ್ನು ನಾವು ಎರಡು ತಿಂಗಳ ಕೂಸಿಗೆ ತಿನ್ನಿಸುತ್ತೇವೆಯೇ? ಹುಟ್ಟಿದ ಮಗುವಿಗೆ ಸಿಹಿ ಮುಟ್ಟಿಸುವ ತಹ್‌ನೀಕಿನ ವಿಷಯದಲ್ಲೂ ಪ್ರವಾದಿ(ಸ)ರು ಮಕ್ಕಳ ಬಾಯಿಗೆ ಸವರಿದ್ದು ಖರ್ಜೂರ ಎಂದೇ ಹದೀಸುಗಳಲ್ಲಿ ಬಂದಿದೆ. ತಹ್‌ನೀಕ್ ಮಾಡಿಸುವವರು ಸೋಪಿನಿಂದ ತೊಳೆದ ಬೆರಳಿಗೆ ಮೆತ್ತಗಾದ ಖರ್ಜೂರದ ರಸವನ್ನು ಒಂದಿಷ್ಟು ತಾಗಿಸಿ ಮಗುವಿನ ಅಂಗುಳಕ್ಕೆ ಸವರಿದರೆ ಸಾಕು, ಕೂಡಲೇ ತಾಯಿಯ ಎದೆಗೆ ಹಾಕಿ. ಕೆಮ್ಮು, ಬಾಯಿಹುಣ್ಣು, ಹಲ್ಲಿನ ಸೋಂಕು ಇರುವ ಹಿರಿಯರು ಜಗಿದು ಕೊಡುವುದು ಬೇಡ. ಮಸ್‌ಅಲ ಹೇಳುವುದು ಈ ಪುಟದ ಕೆಲಸವಲ್ಲ, ಸಂದೇಹವಿದ್ದರೆ ನಿಮ್ಮ ಮಹಲ್ಲಿನ ಉಸ್ತಾದರನ್ನು ಕೇಳಿ. ಕೇಳುವಾಗ ವೈದ್ಯರು ಹೀಗೆ ಹೇಳಿದ್ದಾರೆ ಎಂಬುದನ್ನೂ ತಿಳಿಸಿ.

ಬಜೆಯ ಬಗ್ಗೆಯೂ ಒಂದು ಸಾಲು. ತೇದ ಬಜೆ ಕೊಟ್ಟ ಮೇಲೆ ಮಕ್ಕಳು ವಾಂತಿ ಮಾಡಿಕೊಳ್ಳುವುದುಂಟು. ಮಾತು ಬರುವುದು ಮಗುವಿನೊಡನೆ ನಾವು ಮಾತಾಡುವುದರಿಂದ, ಬೇರಿನಿಂದಲ್ಲ.

ಸಪ್ಪೆ ಎಂದರೆ ಯಾರಿಗೆ ಸಪ್ಪೆ?

ಆರು ತಿಂಗಳು, ಅಂದರೆ 180 ದಿನ, ತಾಯಿಯ ಹಾಲು ಮಾತ್ರ. ನೀರೂ ಬೇಡ. ಆಮೇಲೆ ಮೇಲಾಹಾರ ಶುರುಮಾಡಿ, ಎದೆಹಾಲನ್ನು ಎರಡು ವರ್ಷದ ತನಕ ಮುಂದುವರಿಸಿ. ಪೂರ್ತಿ ಎರಡು ವರ್ಷದ ಹಾಲೂಡುವಿಕೆಯನ್ನು ಅಲ್ ಬಕರಃ ಅಧ್ಯಾಯದ 233ನೇ ಸೂಕ್ತ ಹೇಳುತ್ತದೆ. ಹಾಲು ಬಿಡಿಸುವುದಿದ್ದರೆ ತಂದೆ ತಾಯಿ ಇಬ್ಬರೂ ಕೂಡಿ ಸಮಾಲೋಚಿಸಿ ತೀರ್ಮಾನಿಸಬೇಕು ಎಂಬುದೂ ಅದೇ ಸೂಕ್ತದಲ್ಲಿದೆ. ಮಗುವಿನ ಊಟ ಹೆಂಗಸರ ಪಾಡು ಎಂದು ಪೇಪರ್ ಓದುತ್ತ ಕೂರುವ ತಂದೆಯಂದಿರು ಇದನ್ನು ಗಮನಿಸಬೇಕು.

ಹಾಗಾದರೆ ಜೇನಿಲ್ಲ, ಸಕ್ಕರೆಯಿಲ್ಲ, ಬೆಲ್ಲವಿಲ್ಲ, ಉಪ್ಪೂ ಇಲ್ಲ ಎಂದರೆ ಮಗು ತಿನ್ನುವುದು ಹೇಗೆ ಎಂದು ಅಜ್ಜಿಯರು ಕೇಳುತ್ತಾರೆ. ಸಪ್ಪೆ ಅನ್ನಿಸುವುದು ನಮ್ಮ ನಾಲಿಗೆಗೆ. ಉಪ್ಪು ಹುಳಿ ಖಾರ ತಿಂದು ಪಳಗಿದ ನಾಲಿಗೆ ನಮ್ಮದು. ಮಗುವಿಗೆ ಕುಂಬಳಕಾಯಿಯ ಸಿಹಿಯೇ ದೊಡ್ಡ ಸಿಹಿ. ಎದೆಹಾಲು, ತರಕಾರಿ, ಬೇಳೆ, ಮಾಂಸದಲ್ಲಿ ಸಹಜವಾಗಿ ಇರುವ ಉಪ್ಪಿನಂಶವೇ ಮೊದಲ ವರ್ಷಕ್ಕೆ ಸಾಕು. ಹೆಚ್ಚಾದರೆ ಎಳೆಯ ಮೂತ್ರಪಿಂಡಗಳಿಗೆ ಭಾರ.

ಅಷ್ಟೇ ಅಲ್ಲ, ಮಗುವಿಗೆ ನಿಮ್ಮ ಮನೆಯ ಅಡುಗೆಯ ಪರಿಚಯ ಆಗಲೇ ಆಗಿರುತ್ತದೆ. ತಾಯಿ ತಿಂದದ್ದರ ರುಚಿ ಗರ್ಭದ ನೀರಿಗೂ ಎದೆಹಾಲಿಗೂ ಇಳಿಯುತ್ತದೆ. ಅಮೆರಿಕದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು ಬಸುರಿನಲ್ಲಿ ಅಥವಾ ಹಾಲೂಡಿಸುವಾಗ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳನ್ನು ಗಮನಿಸಿ 2001ರಲ್ಲಿ ವರದಿ ಪ್ರಕಟಿಸಿದರು. ಮೇಲಾಹಾರ ಶುರುವಾದಾಗ ಆ ಮಕ್ಕಳು ಕ್ಯಾರೆಟ್ ರುಚಿಯ ಆಹಾರಕ್ಕೆ ಮುಖ ಸಿಂಡರಿಸಿದ್ದು ಕಡಿಮೆ. ನಮ್ಮ ಲೆಕ್ಕದಲ್ಲಿ, ಬೆಳ್ಳುಳ್ಳಿ, ಜೀರಿಗೆ, ತೆಂಗಿನಹಾಲು ತಿಂದ ಬಾಣಂತಿಯ ಮಗುವಿಗೆ ಅವು ಹೊಸ ರುಚಿಗಳೇ ಅಲ್ಲ.

ಆದ್ದರಿಂದ ರುಚಿಯನ್ನು ಬಾಟಲಿಯಲ್ಲಿ ಹುಡುಕದೆ ಒಗ್ಗರಣೆ ಡಬ್ಬಿಯಲ್ಲಿ ಹುಡುಕಿ. ಹುರಿದು ಪುಡಿಮಾಡಿದ ಜೀರಿಗೆ ಒಂದು ಚಿಟಿಕೆ, ಅರಸಿನ ಒಂದು ಚಿಟಿಕೆ, ಬೇಳೆಯೊಡನೆ ಬೆಂದ ಒಂದು ಎಸಳು ಬೆಳ್ಳುಳ್ಳಿ, ತುಪ್ಪದಲ್ಲಿ ಕೆಂಪಗೆ ಬಾಡಿಸಿದ ಈರುಳ್ಳಿ, ನುಣ್ಣಗೆ ಅರೆದ ಕೊತ್ತಂಬರಿ ಸೊಪ್ಪು. ರಾಗಿಗೆ, ಬಾಳೆಹಣ್ಣಿಗೆ ನಮ್ಮ ಏಲಕ್ಕಿಯ ಎರಡು ಕಾಳು ಜಜ್ಜಿದ ಪುಡಿ. ಎಲ್ಲವನ್ನೂ ಒಂದೇ ದಿನ ಹಾಕಬೇಡಿ. ಎರಡು ಮೂರು ದಿನಕ್ಕೊಂದು ಹೊಸ ರುಚಿ ಸಾಕು, ಮೈಮೇಲೆ ದದ್ದು, ಭೇದಿ ಏನಾದರೂ ಕಂಡರೆ ಯಾವುದರಿಂದ ಎಂದು ಗೊತ್ತಾಗುತ್ತದೆ. ಹಸಿಮೆಣಸು, ಕಾಳುಮೆಣಸು, ಹುಣಸೆ, ಕಾಚಂಪುಳಿ ಈಗ ಬೇಡ. ಕಣಿಲೆಯೂ ಬೇಡ. ಸಿಹಿ ಬೇಕೆನಿಸಿದರೆ ಬೀಜ, ಸಿಪ್ಪೆ ತೆಗೆದ ಒಂದು ಖರ್ಜೂರವನ್ನು ಬಿಸಿನೀರಿನಲ್ಲಿ ನೆನೆಸಿ ಕಿವುಚಿ ಮಣ್ಣಿಗೆ ಸೇರಿಸಿ. ದಿನಾ ಅಲ್ಲ, ಆಗೊಮ್ಮೆ ಈಗೊಮ್ಮೆ.

ಮೊದಲ ಸಲ ಮಗು ಉಗುಳಿದರೆ ಇಷ್ಟವಿಲ್ಲ ಎಂದು ತೀರ್ಮಾನಿಸಬೇಡಿ. ಇದುವರೆಗೆ ಚೀಪಿ ಮಾತ್ರ ಗೊತ್ತಿರುವ ನಾಲಿಗೆ ಅದು, ತಾನಾಗಿ ಮುಂದಕ್ಕೆ ತಳ್ಳುತ್ತದೆ. ಒಂದೇ ಪದಾರ್ಥವನ್ನು ಬೇರೆ ಬೇರೆ ದಿನಗಳಲ್ಲಿ ಎಂಟು ಹತ್ತು ಸಲವಾದರೂ ಕೊಟ್ಟು ನೋಡಬೇಕು. ಮೂರನೇ ದಿನಕ್ಕೇ ಸಕ್ಕರೆ ಡಬ್ಬಿ ತೆಗೆಯುವುದರಿಂದಲೇ ಮುಂದೆ "ನನ್ನ ಮಗ ತರಕಾರಿ ಮುಟ್ಟುವುದಿಲ್ಲ" ಎಂಬ ದೂರು ಹುಟ್ಟುವುದು.

ಮಳೆಗಾಲಕ್ಕೆ ಮುಂಚಿನ ರಾಗಿ

ರಾಗಿ ಮಣ್ಣಿಗೆ ನಮ್ಮಲ್ಲಿ ಒಳ್ಳೆಯ ಹೆಸರಿದೆ, ಅದು ನ್ಯಾಯವಾದ ಹೆಸರೇ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ. ಮೊಳಕೆ ಬರಿಸಿದರೆ ಇನ್ನೊಂದು ಉಪಕಾರವಿದೆ. ಏಳು ಕೆಜಿ ತೂಗುವ ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಸುಮಾರು 200 ಮಿಲಿಲೀಟರ್ ಮಾತ್ರ ಹಿಡಿಯುತ್ತದೆ. ಹಿಟ್ಟು ಬೆಂದಾಗ ಗಟ್ಟಿಯಾಗುತ್ತದೆಂದು ನಾವು ನೀರು ಹೊಯ್ದು ತೆಳ್ಳಗೆ ಮಾಡಿದರೆ ಆ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ, ತೂಕ ಏರುವುದಿಲ್ಲ. ಮೊಳಕೆಯಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವವಿದೆ. ಮೊಳಕೆ ಹಿಟ್ಟಿನ ಮಣ್ಣಿ, ಹಿಟ್ಟು ಹೆಚ್ಚು ಹಾಕಿದರೂ ಮೆತ್ತಗೆ ನುಂಗುವ ಹಾಗೆ ಇರುತ್ತದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆ ಮೊಳಕೆ ರಾಗಿ ಮತ್ತು ಹೆಸರುಕಾಳು ಸೇರಿಸಿ ಶಿಶು ಆಹಾರ ರೂಪಿಸಿದ್ದು ಇದೇ ಗುಣವನ್ನು ಹಿಡಿದು.

ಅರ್ಧ ಕೆಜಿ ರಾಗಿಯನ್ನು ಕಲ್ಲು ಆರಿಸಿ, ನಾಲ್ಕೈದು ನೀರಿನಲ್ಲಿ ತೊಳೆದು, ರಾತ್ರಿ ನೆನೆಸಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬಯಲುಸೀಮೆಯಲ್ಲಿ ಒಂದು ದಿನಕ್ಕೆ ಬರುವ ಮೊಳಕೆ ಮಡಿಕೇರಿಯ ಚಳಿಯಲ್ಲಿ ಎರಡು ದಿನ ತೆಗೆದುಕೊಳ್ಳುತ್ತದೆ, ಗಾಬರಿ ಬೇಡ. ಮೊಳಕೆ ಬಂದ ಮೇಲೆ ಚೆನ್ನಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವ ತನಕ ಹುರಿದು, ಪುಡಿಮಾಡಿ, ತೆಳು ಬಟ್ಟೆಯಲ್ಲಿ ಸೋಸಿ. ಕಾಲು ಕೆಜಿ ಹೆಸರುಕಾಳನ್ನೂ ಇದೇ ರೀತಿ ಮೊಳಕೆ ಬರಿಸಿ ಒಣಗಿಸಿ ಹುರಿದು ಬೆರೆಸಬಹುದು. ಮಿಲ್ಲಿಗೆ ಕೊಡುವುದಾದರೆ ಮೆಣಸಿನ ಪುಡಿ ಬೀಸಿದ ಮೇಲಿನ ಸರದಿ ನಿಮ್ಮದಾಗದಂತೆ ನೋಡಿಕೊಳ್ಳಿ. ಸ್ವಲ್ಪವೇ ಆದರೆ ಮನೆಯ ಮಿಕ್ಸಿ ಸಾಕು.

ಕೊಡಗಿನಲ್ಲಿ ಎಡವುವುದು ಒಣಗಿಸುವ ಕಡೆ. ಜೂನ್ ಬಂದರೆ ಬಿಸಿಲು ಕಾಣುವುದು ಯಾವಾಗ ಎಂದು ಹೇಳಲಾಗದು. ಅರೆ ಒಣಗಿದ ಮೊಳಕೆಯನ್ನು ಡಬ್ಬಿಗೆ ತುಂಬಿದರೆ ವಾರದಲ್ಲಿ ಬೂಷ್ಟು. ಬೂಷ್ಟು ಹಿಡಿದದ್ದನ್ನು ಹುರಿದರೆ ವಾಸನೆ ಹೋಗುತ್ತದೆ, ಅದರ ವಿಷ ಹೋಗುವುದಿಲ್ಲ. ಅದನ್ನು ಕೋಳಿಗೂ ಹಾಕಬೇಡಿ, ಮಣ್ಣಿನಡಿ ಹೂಳಿಬಿಡಿ. ಮಗುವಿಗೆ ಆರು ತಿಂಗಳು ತುಂಬುವುದು ಮಳೆಗಾಲದಲ್ಲಿ ಎಂದಾದರೆ ಏಪ್ರಿಲಿನಲ್ಲೇ ಒಣಗಿಸಿ, ಹುರಿದು, ಪುಡಿ ಮಾಡದೆ ಕಾಳಾಗಿಯೇ ಗಾಳಿಯಾಡದ ಡಬ್ಬಿಯಲ್ಲಿಡಿ. ಹದಿನೈದು ದಿನಕ್ಕೆ ಬೇಕಾದಷ್ಟೇ ಪುಡಿ ಮಾಡಿಕೊಳ್ಳಿ. ಕಾಫಿ ಒಣಹಾಕಿದ್ದ ಕಣದಲ್ಲಿ, ಗೊಬ್ಬರದ ಚೀಲದ ಮೇಲೆ ಹರಡಬೇಡಿ, ಶುಭ್ರವಾದ ಹತ್ತಿ ಬಟ್ಟೆಯೇ ಇರಲಿ. ಮಳೆ ನಡುವೆಯೇ ಮಾಡಬೇಕಾಗಿ ಬಂದರೆ ಮೊಳಕೆಯ ಗೊಡವೆ ಬಿಡಿ. ರಾಗಿಯನ್ನು ತೊಳೆದು, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಅಗಲ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಪೂರ್ತಿ ಒಣಗುವ ತನಕ ಹುರಿದರಾಯಿತು.

ನೇಂದ್ರ ಬಾಳೆಕಾಯಿಯ ಪುಡಿ, ಕೂವೆ ಹಿಟ್ಟು ಕೂಡ ನಮ್ಮ ಮನೆಗಳಲ್ಲಿ ರೂಢಿ. ಕೊಡಿ, ಆದರೆ ಕೂವೆ ಬರೀ ಪಿಷ್ಟ. ಅದೊಂದನ್ನೇ ನಂಬಬೇಡಿ.

ಸೂಪಿನಲ್ಲಿ ಏನಿದೆ?

ನಮ್ಮ ಮನೆಗಳ ಒಂದು ವಿಚಿತ್ರ ಹೇಳಬೇಕು. ಮಗುವಿನ ಹೆಸರಿನಲ್ಲಿ ಅಖೀಕಃ ಕೊಟ್ಟು ಊರಿಗೆಲ್ಲ ಮಾಂಸ ಹಂಚುತ್ತೇವೆ. ಶುಕ್ರವಾರ ನೈಚೋರು, ಕೋಳಿ. ಬಕ್ರೀದಿಗೆ ಮನೆ ತುಂಬ ಮಾಂಸ. ಆದರೆ ಅದೇ ಮನೆಯ ಎಂಟು ತಿಂಗಳ ಮಗುವಿನ ಬಟ್ಟಲಲ್ಲಿ ಗಂಜಿತಿಳಿ. "ಹಲ್ಲು ಬರಲಿ, ಆಮೇಲೆ ಕೊಡೋಣ" ಎಂಬ ಮಾತು. ತುಂಬ ಮುತುವರ್ಜಿಯ ತಾಯಿಯಾದರೆ ಮೂಳೆ ಬೇಯಿಸಿದ ಸೂಪು.

ಸೂಪಿಗೆ ರುಚಿ ಬರುತ್ತದೆ, ಮಾಂಸದ ಕಬ್ಬಿಣಾಂಶ ಬರುವುದಿಲ್ಲ. ಅದು ಉಳಿಯುವುದು ಮಾಂಸದಲ್ಲೇ. ಹುಟ್ಟುವಾಗ ಮಗು ತನ್ನೊಡನೆ ತಂದ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಮುಗಿಯುತ್ತ ಬರುತ್ತದೆ, ಎದೆಹಾಲಿನಲ್ಲಿ ಅದು ತೀರಾ ಕಡಿಮೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ನಮ್ಮ ದೇಶದ ಆರು ತಿಂಗಳಿಂದ ಐದು ವರ್ಷದ ಒಳಗಿನ ಮಕ್ಕಳಲ್ಲಿ 100ಕ್ಕೆ 67 ಮಕ್ಕಳಿಗೆ ರಕ್ತಹೀನತೆ. ರಕ್ತ ಕಡಿಮೆಯಾದ ಮಗು ಮಂಕಾಗುತ್ತದೆ, ಊಟ ಬೇಡವೆನ್ನುತ್ತದೆ, ಆಟವಾಡುವುದಿಲ್ಲ, ಕಲಿಯುವ ಬುದ್ಧಿಗೂ ಪೆಟ್ಟು. ಮಾಂಸ ತಿನ್ನುವ ಮನೆಗಳಲ್ಲಿ ಇದಕ್ಕೆ ಮದ್ದು ಅಡುಗೆಮನೆಯಲ್ಲೇ ಇದೆ.

ಎರಡು ಚಮಚ ಅಕ್ಕಿ, ಒಂದು ಚಮಚ ಹೆಸರುಬೇಳೆ ತೊಳೆದು ಕುಕ್ಕರಿಗೆ ಹಾಕಿ. ಕೊಬ್ಬಿಲ್ಲದ ಆಡಿನ ಮಾಂಸದ ಖೀಮಾ ಅಥವಾ ಕೋಳಿಯ ಮಾಂಸ ಸಣ್ಣಗೆ ಕೊಚ್ಚಿದ್ದು ಒಂದೂವರೆ ಚಮಚ, ಒಂದು ತುಂಡು ಕುಂಬಳ ಅಥವಾ ಕ್ಯಾರೆಟ್, ಒಂದು ಎಸಳು ಬೆಳ್ಳುಳ್ಳಿ, ಚಿಟಿಕೆ ಜೀರಿಗೆ, ಚಿಟಿಕೆ ಅರಸಿನ, ಒಂದೂವರೆ ಲೋಟ ನೀರು. ಐದಾರು ಸೀಟಿ ಕೂಗಿಸಿ. ಸೌಟಿನ ಹಿಂಬದಿಯಿಂದ ಮಸೆದು ಅರ್ಧ ಚಮಚ ತುಪ್ಪ ಅಥವಾ ತೆಂಗಿನೆಣ್ಣೆ ಹಾಕಿ. ಚಮಚ ಓರೆ ಮಾಡಿದರೆ ಜಾರಿ ಬೀಳಬಾರದು, ಅದೇ ಹದ. ಕೋಳಿಯ ಈಲಿ ಸಿಕ್ಕರೆ ವಾರಕ್ಕೊಮ್ಮೆ ಒಂದು ಚಮಚದಷ್ಟು ಚೆನ್ನಾಗಿ ಬೇಯಿಸಿ ಮಸೆದು ಕೊಡಿ. ವಿಟಮಿನ್ ಎ ಅತಿಯಾಗುವುದರಿಂದ ಅದಕ್ಕಿಂತ ಹೆಚ್ಚು ಬೇಡ. ಪೂರ್ತಿ ಬೆಂದ ಮೊಟ್ಟೆ, ಮುಳ್ಳು ತೆಗೆದ ಮೀನು ಇವೆಲ್ಲ ಆರು ತಿಂಗಳ ನಂತರ ಕೊಡುವಂಥವೇ. ಮಾಂಸವಿಲ್ಲದ ದಿನ ಬೇಳೆ, ಸೊಪ್ಪು ಬೇಯಿಸಿ, ಊಟದ ಕೊನೆಗೆ ಸಿಪ್ಪೆ, ಬೀಜ ತೆಗೆದ ಎರಡು ತೊಳೆ ಕಿತ್ತಳೆಯ ತಿರುಳು ಕೊಡಿ. ಅದರ ವಿಟಮಿನ್ ಸಿ ಇದ್ದರೆ ಸೊಪ್ಪಿನ, ಬೇಳೆಯ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಸಿರಪ್ಪನ್ನೂ ವಾರಕ್ಕೆ ಎರಡು ಬಾರಿ 1 ಮಿಲಿಲೀಟರ್ ತಪ್ಪದೆ ಕುಡಿಸಿ. ಮಲ ಕಪ್ಪಾಯಿತೆಂದು ನಿಲ್ಲಿಸಬೇಡಿ, ಅದು ಸಹಜ.

ಬೇರೆ ಅಡುಗೆ ಮಾಡಲು ಹೊತ್ತಿಲ್ಲದವರಿಗೆ ಒಂದು ಉಪಾಯ. ಮನೆಯವರಿಗೆ ಮಾಡುವ ಸಾರು, ಪಲ್ಯದಿಂದಲೇ ಉಪ್ಪು, ಮೆಣಸು, ಹುಳಿ ಹಾಕುವ ಮೊದಲು ಮಗುವಿನ ಪಾಲನ್ನು ಎತ್ತಿಡಿ. ಒಂಬತ್ತು ತಿಂಗಳಾದ ಮೇಲೆ ಮೆತ್ತನೆಯ ನೂಲ್‌ಪುಟ್ಟನ್ನು ತೆಂಗಿನಹಾಲಿನಲ್ಲಿ ನೆನೆಸಿ, ಪತ್ತಿರಿಯನ್ನು ಚೂರುಮಾಡಿ ಬೇಳೆಯಲ್ಲಿ ಕಲಸಿ ಕೊಡಬಹುದು. ಆ ಹೊತ್ತಿಗೆ ಮಿಕ್ಸಿಯ ಚಟ ಬಿಡಿಸಿ. ವರ್ಷವಾದರೂ ಎಲ್ಲವನ್ನೂ ನುಣ್ಣಗೆ ರುಬ್ಬಿ ಕೊಟ್ಟ ಮಗು ಆಮೇಲೆ ಅನ್ನದ ಅಗುಳು ಕಂಡರೂ ಓಕರಿಸುತ್ತದೆ. ಇಡಿ ಕಡಲೆಬೀಜ, ಇಡಿ ದ್ರಾಕ್ಷಿ ಮಾತ್ರ ಬೇಡ, ಉಸಿರುಗಟ್ಟುತ್ತದೆ.

ಚಹಾದಲ್ಲಿ ಅದ್ದಿದ ಬಿಸ್ಕತ್ತು

ಕಾಫಿ ಬೆಳೆಯುವ ನಾಡಿನಲ್ಲಿ ಇದನ್ನು ಹೇಳಲೇಬೇಕು. ಸಂಜೆ ಎಲ್ಲರೂ ಕುಡಿಯುವಾಗ ಮಗುವಿಗೂ ಎರಡು ಚಮಚ ಕಾಫಿ, ಅಥವಾ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಕಾಫಿ, ಚಹಾ ಎರಡೂ ಆಹಾರದ ಕಬ್ಬಿಣಾಂಶವನ್ನು ಕರುಳು ಹೀರದಂತೆ ತಡೆಯುತ್ತವೆ. ಬಿಸ್ಕತ್ತಿನ ಮೈದಾ, ಸಕ್ಕರೆ ಹಸಿವನ್ನು ಕೊಲ್ಲುತ್ತದೆ. ಮಧ್ಯಾಹ್ನ ಕೊಟ್ಟ ಈಲಿಯ ಪುಣ್ಯವೆಲ್ಲ ಸಂಜೆಯ ಲೋಟದಲ್ಲಿ ಕರಗಿಹೋಗುತ್ತದೆ. ಅಂಗಡಿಯ ಡಬ್ಬಿ ಆಹಾರ ಕೊಂಡರೆ ಪದಾರ್ಥಗಳ ಪಟ್ಟಿಯಲ್ಲಿ ಸಕ್ಕರೆ ಇದೆಯೇ ಎಂದು ಓದಿ ನೋಡಿ. ಎರಡು ವರ್ಷದ ಒಳಗಿನ ಮಕ್ಕಳ ಆಹಾರವನ್ನು ಜಾಹೀರಾತು ಮಾಡುವುದನ್ನು ನಮ್ಮ ದೇಶದ 1992ರ ಕಾಯಿದೆ, 2003ರ ತಿದ್ದುಪಡಿಯೊಡನೆ, ನಿಷೇಧಿಸಿರುವುದು ಸುಮ್ಮನೆ ಅಲ್ಲ. ಅಂಗನವಾಡಿಯಲ್ಲಿ ಆರು ತಿಂಗಳಿಂದ ಮೂರು ವರ್ಷದ ತನಕ ಮನೆಗೆ ಕೊಡುವ ಪೌಷ್ಟಿಕ ಆಹಾರ ನಿಮ್ಮ ಮಗುವಿನ ಹಕ್ಕು, ಹೋಗಿ ತನ್ನಿ.

ಎಷ್ಟು, ಎಷ್ಟು ಸಲ?

ಶುರುವಿಗೆ ಎರಡು ಮೂರು ಚಮಚ. ಎಂಟು ತಿಂಗಳ ತನಕ ದಿನಕ್ಕೆ ಎರಡು ಮೂರು ಸಲ, ನಿಧಾನವಾಗಿ 250 ಮಿಲಿಲೀಟರಿನ ಬಟ್ಟಲಿನ ಅರ್ಧಕ್ಕೆ ಏರಿಸಿ. ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ ಮೂರು ನಾಲ್ಕು ಸಲ, ಅರ್ಧ ಬಟ್ಟಲು. ವರ್ಷ ತುಂಬಿದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು. ರಮಳಾನಿನಲ್ಲಿ ಇಫ್ತಾರಿನ ಗಡಿಬಿಡಿಗೆ ಮಗುವಿನ ಸಂಜೆಯ ಊಟ ತಪ್ಪಿಹೋಗುವುದುಂಟು. ಅಸರ್ ನಮಾಝ್ ಮುಗಿದ ಕೂಡಲೇ ಉಣಿಸಿಬಿಡಿ.

ಬಿಸ್ಮಿ ಹೇಳಿ ಉಣಿಸುವ ಮೊದಲು ಸೋಪಿನಿಂದ ಕೈ ತೊಳೆಯಿರಿ, ಮಗುವಿನ ಕೈಯನ್ನೂ ತೊಳೆಯಿರಿ. ಈಗ ತಾನೇ ವುಝೂ ಮಾಡಿದ್ದೇನೆ ಎಂದು ಸೋಪು ಬಿಡಬೇಡಿ. ತೋಟದಲ್ಲಿ ಮೈಲುತುತ್ತ ಹೊಡೆದ ದಿನ, ಗೊಬ್ಬರ ಮುಟ್ಟಿದ ದಿನ ಬಟ್ಟೆ ಬದಲಿಸಿಯೇ ಮಗುವನ್ನು ಎತ್ತಿಕೊಳ್ಳಿ. ಮಳೆಗಾಲದಲ್ಲಿ ಬಾವಿಯ, ತೋಡಿನ ನೀರು ಕದಡುತ್ತದೆ. ತಳಕ್ಕೆ ಕೂತ ಮೇಲೆ ಸೋಸಿ, ಕೊತಕೊತ ಕುದಿಸಿ ಆರಿಸಿದ ನೀರನ್ನೇ ಬಳಸಿ. ಬಾಟಲಿ, ನಿಪ್ಪಲ್ ಬೇಡ, ಬಟ್ಟಲು ಚಮಚ ಸಾಕು. ಮಾಡಿದ ಊಟ ಎರಡು ಗಂಟೆಯೊಳಗೆ ಮುಗಿಯಲಿ. ನಮ್ಮ ಚಳಿ ಫ್ರಿಜ್ಜಲ್ಲ, ಮಳೆಗಾಲದಲ್ಲಿ ಕರೆಂಟು ಹೋದರೆ ಫ್ರಿಜ್ಜೂ ಫ್ರಿಜ್ಜಲ್ಲ.

ಜ್ವರ, ಭೇದಿ ಬಂದಾಗ ಊಟ ನಿಲ್ಲಿಸಬೇಡಿ. ಎದೆಹಾಲು ಹೆಚ್ಚು ಸಲ ಕೊಡಿ, ಮೆತ್ತಗಿನದನ್ನು ಸ್ವಲ್ಪ ಸ್ವಲ್ಪವಾಗಿ ಉಣಿಸಿ, ಚೇತರಿಸಿದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಜಾಸ್ತಿ ಕೊಡಿ. ಮಗು ಏನನ್ನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಕಣ್ಣು ಗುಳಿಬಿದ್ದರೆ, ಮೈ ಜೋಲಿದರೆ ಬೆಳಗಾಗುವುದನ್ನು ಕಾಯಬೇಡಿ, ಆಸ್ಪತ್ರೆಗೆ ಒಯ್ಯಿರಿ. ಹೋಗುವಾಗ ತಾಯಿ ಕಾರ್ಡ್ ಕೈಯಲ್ಲಿರಲಿ. ಮಗುವಿಗೆ ಜೇನು ಕೊಟ್ಟದ್ದಿದ್ದರೆ ನಾಚಿಕೆಪಡದೆ ವೈದ್ಯರಿಗೆ ಅದನ್ನು ಮೊದಲೇ ಹೇಳಿ.